ಕಲ್ಲಿಗೊಂದು ಸೊಪ್ಪು

ಜಡಯ್ಯನ ಕೊರಳಿಗೆ ಹಾರ ಹಾಕಿದ ಕೈಯೇ ಅದನ್ನು ಕಿತ್ತೂ ತೆಗೆಯಿತು. ನಡುವೆ ಕಳೆದದ್ದು ಒಂದು ಬೀಡಿ ಸೇದುವಷ್ಟು ಹೊತ್ತು.

ಅದು ಎಪ್ಪತ್ತಮೂರನೇ ಇಸವಿ, ನವೆಂಬರ್ ಒಂದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ದಿನ. ಆ ಸಂಭ್ರಮಕ್ಕೆ ಕೊಳ್ಳೇಗಾಲದ ಯುವಕರ ಸಂಘವೊಂದು ಓಟದ ಪಂದ್ಯ ಇಟ್ಟಿತ್ತು. ಬಿಳಿಗಿರಿ ಬೆಟ್ಟದ ಬುಡದ ಗುಂಬಳ್ಳಿ ಗೇಟಿನಿಂದ ಹೊರಟು ಯಳಂದೂರು ಹಾದು ಕೊಳ್ಳೇಗಾಲದವರೆಗೆ ಇಪ್ಪತ್ತೊಂದು ಕಿಲೋಮೀಟರು, ಹಳೆಯ ಲೆಕ್ಕದಲ್ಲಿ ಹದಿಮೂರು ಮೈಲಿ. ಕರಪತ್ರದಲ್ಲಿ ‘ಅರ್ಧ ಮ್ಯಾರಥಾನ್’ ಎಂದು ಅಚ್ಚಾಗಿತ್ತು. ‘ಇನ್ನರ್ಧ ಎಲ್ ಮಡಗಿದ್ದರಿ?’ ಎಂದು ಸಂತೆಯಲ್ಲಿ ಜನ ನಗಾಡಿದರು. ಸಂಘದ ಅಧ್ಯಕ್ಷ ವೃಷಭೇಂದ್ರಪ್ಪ, ಅಕ್ಕಿ ಗಿರಣಿಯ ಯಜಮಾನ, ಗೇಟಿನ ಬಳಿ ಜೀಪಿನ ಮೇಲೆ ನಿಂತು ಕೂಗಿ ಹೇಳಿದ್ದ: “ಯಾರು ಮೊದಲು ಬಂದು ಕೊಳ್ಳೇಗಾಲದ ಬಾವುಟದ ಕಂಬ ಮುಟ್ತಾರೋ ಅವರೇ ಗೆದ್ದಂಗೆ.”

ಸೋಲಿಗರ ಜಡಯ್ಯ ಆ ಮಾತನ್ನು ಹೇಳಿದ ಹಾಗೆಯೇ ನಂಬಿದ. ಕಾಡಿನ ಮಗುವಿಗೆ ಮೊದಲು ಕಲಿಸುವುದೇ ಒಳದಾರಿ. ಸುತ್ತಿ ಹೋಗುವುದು ಗಾಡಿಯ ಪಾಡು, ಕಾಲಿರುವವನು ನೇರ ಹೋಗುತ್ತಾನೆ. ಅಗರ ದಾಟಿದ ಮೇಲೆ ರಸ್ತೆ ಒಂದು ದೊಡ್ಡ ಕೆರೆಯ ಕೆಳಗೆ ಗದ್ದೆಬಯಲನ್ನು ಬಳಸಿಕೊಂಡು ಹೋಗುತ್ತದೆ. ಕೆರೆಯ ಏರಿ ಮಾತ್ರ ಹಗ್ಗ ಎಳೆದಂತೆ ನೆಟ್ಟಗಿದೆ. ಜಡಯ್ಯ ಏರಿ ಹತ್ತಿದ. ಎಲ್ಲರ ಕಣ್ಣೆದುರೇ ಹತ್ತಿದ. “ಇಂಗೆ ಬನ್ರಪ್ಪಾ, ಅತ್ರ ಆಯ್ತದೆ” ಎಂದು ಹಿಂದಿದ್ದವರನ್ನು ಕೈಬೀಸಿ ಕರೆದ. ಯಾವ ಕಳ್ಳ ಕೈಬೀಸಿ ಕರೆಯುತ್ತಾನೆ?

ಹಾರ ಬಿತ್ತು, ಹಿಂದೆ ಬಂದವರು ದೂರು ಹೇಳಿದರು, ಹಾರ ಹೋಯಿತು. “ಕಾಡಿನವರ ಬುದ್ಧಿ ನೋಡಿ, ಓಟದಲ್ಲೂ ಕಳ್ಳತನ” ಎಂದು ವೃಷಭೇಂದ್ರಪ್ಪ ಮೈಕಿನಲ್ಲೇ ಅಂದ. ಐದು ವರ್ಷ ಜಡಯ್ಯ ಓಡಕೂಡದೆಂದು ಸಂಘ ತೀರ್ಮಾನ ಬರೆಯಿತು. ಆ ಸಂಜೆಯಿಂದ ಅವನ ಹೆಸರು ‘ಏರಿ ಕಳ್ಳ’. ಅವನದಷ್ಟೇ ಅಲ್ಲ. ಯಳಂದೂರಿನ ಸಂತೆಗೆ ಜೇನು, ಸೀಗೆಕಾಯಿ ಹೊತ್ತು ಇಳಿದ ಸೋಲಿಗರೆಲ್ಲ ಏರಿ ಕಳ್ಳರಾದರು. ಅಂಗಡಿಯವನು ಬುಟ್ಟಿ ಬಗ್ಗಿಸಿ ನೋಡಿದ. ಕೋಳಿ ಕಳೆದುಕೊಂಡವಳು ಬೆಟ್ಟದ ಕಡೆ ತಿರುಗಿ ಮಣ್ಣು ತೂರಿದಳು. ಮರುವರ್ಷ ಬೆಟ್ಟ ಅಭಯಾರಣ್ಯವಾಯಿತು, ಬೇಟೆಗೂ ಬೇಸಾಯಕ್ಕೂ ತಡೆ ಬಂತು. ಕಾಡಿನಲ್ಲಿ ಕಾಲಿಟ್ಟರೆ ಕಳ್ಳ, ನಾಡಿನಲ್ಲಿ ಓಡಿದರೆ ಕಳ್ಳ. ಸೋಲಿಗ ಕಾಲನ್ನು ಎಲ್ಲಿಡಬೇಕೆಂದು ಯಾವ ಕಚೇರಿಯೂ ಹೇಳಲಿಲ್ಲ. ಜಡಯ್ಯ ಗುಂಬಳ್ಳಿ ಗೇಟಿನಿಂದ ಕೆಳಕ್ಕೆ ಇಳಿಯುವುದನ್ನೇ ಬಿಟ್ಟ.

ಬಿಡದವಳು ಅವನ ತಂಗಿ ಕೇತಿ.

ಎಪ್ಪತ್ತನಾಲ್ಕರ ಜುಲೈನಲ್ಲಿ ಹೊಸ ಕರಪತ್ರ ಬಂತು. ಈ ಸಲ ಅದರ ಹಿಂಬದಿಯಲ್ಲಿ ಏಳು ನಿಯಮ. ಕೇತಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಪ್ಪಲಿನ ಶಾಲೆಯ ಟೀಚರು ಶಿವರತ್ನಮ್ಮನ ಹತ್ತಿರ ಹೋದಳು. ಅಚ್ಚಾದ ಯಾವ ಕಾಗದವನ್ನೂ ಎರಡು ಸಲ ಓದದೆ ಬಿಡದ ಹೆಂಗಸು ಶಿವರತ್ನಮ್ಮ.

“ನಾಕ್ನೇದು ಇನ್ನೊಂದ್ಸಲ ಓದಿ ಟೀಚರಮ್ಮ.”

“ದಾರಿಯ ಐದೂ ಠಾಣೆಗಳಲ್ಲಿ ಚೀಟಿಗೆ ತೂತು ಹಾಕಿಸಿಕೊಳ್ಳದವರು, ಮತ್ತು ರಸ್ತೆ ಬಿಟ್ಟು ಓಡಿದವರು, ಯಾವ ಕಾರಣ ಹೇಳಿದರೂ ಸ್ಪರ್ಧೆಯಿಂದ ಹೊರಗೆ.”

“ಯಾವ್ ಕಾರ್ಣ ಯೋಳಿದ್ರೂ.”

“ಹೂಂ ಕಣೇ. ನಿಮ್ಮಣ್ಣನ್ನ ನೆನೆಸ್ಕೊಂಡೇ ಬರೆದಿರೋದು.”

“ಎಂಗಸ್ರು ಓಡ್ಬಾರ್ದು ಅಂತ ಬರ್ದವ್ರಾ?”

ಶಿವರತ್ನಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. ಬರೆದಿರಲಿಲ್ಲ. ಬರೆಯಬೇಕೆಂದು ಆ ಸಂಘದ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ.

ಹೆಸರು ಬರೆಸಲು ಇಬ್ಬರೂ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದರು. ಗಿರಣಿಯ ಜಗಲಿಯ ಮೇಲೆ ವೃಷಭೇಂದ್ರಪ್ಪ ಎಲೆ ಅಡಿಕೆ ಹಾಕುತ್ತಿದ್ದ.

“ಯಾರ ಮಗಳೇ ನೀನು?”

“ಏರಿ ಕಳ್ಳನ ತಂಗಿ, ಸಾ.”

ಬೆಟ್ಟದವರು ಅವನನ್ನು ‘ಬುದ್ಧಿ’ ಎನ್ನುವುದು ವಾಡಿಕೆ. ಅವಳು ಸಾ ಎಂದದ್ದು ಅವನ ಕಿವಿಗೆ ತಾಗಿತು. ಅವನು ಶಿವರತ್ನಮ್ಮನ ಕಡೆ ತಿರುಗಿದ. “ಏನಮ್ಮ ಟೀಚರೇ, ತಮಾಷೆಯಾ ಇದು?”

“ನಿಯಮ ಏಳು ಇದಾವೆ. ಎಷ್ಟನೇದಕ್ಕೆ ವಿರುದ್ಧ ಅಂತ ಹೇಳಿ, ಕರ್ಕೊಂಡು ಹೋಗ್ತೀನಿ.”

ವೃಷಭೇಂದ್ರಪ್ಪ ಉಗುಳಿ ಬಂದು ಗುಮಾಸ್ತನಿಗೆ ಹೇಳಿದ: “ಬರ್ಕೊಳ್ಳಯ್ಯ. ಮಾಂಬಳ್ಳಿ ಹೊತ್ತಿಗೆ ಹುಣಸೆ ಮರದಡಿ ಕುಂತಿರ್ತಾಳೆ. ಜೀಪಿಗೆ ಎತ್ತಾಕ್ಕಂಡ್ ಬಂದ್ರಾಯ್ತು.”

ಕೊಟ್ಟ ಸಂಖ್ಯೆ ಮೂವತ್ತೊಂದು. ಕೊನೆಯದು.

ಜಡಯ್ಯನಿಗೆ ಇದು ರುಚಿಸಲಿಲ್ಲ. “ಬ್ಯಾಡ ಕಣಮ್ಮಿ. ನನ್ಗಂದದ್ದು ಸಾಲ್ದಾ?”

“ನೀನು ಇಲ್ಲಿ ಕುಂತ್ಬುಟ್ಟೆ. ಸಂತೇಲಿ ಅದ ಕೇಳದು ನಾನು. ಓಡದೆಂಗೆ ಅಂತ ಯೋಳ್ಕೊಡು, ಮಿಕ್ಕದ್ದು ನನ್ಗೆ ಬುಡು.”

ಮೊದಲ ದಿನ ಅವಳು ಗುಂಬಳ್ಳಿ ಗೇಟಿನಿಂದ ಯಳಂದೂರಿನವರೆಗೆ ಐದು ಕಿಲೋಮೀಟರು ಓಡಿ ವಾಂತಿ ಮಾಡಿಕೊಂಡಳು. ಬೆಟ್ಟದ ಏರು ಕೇತಿಗೆ ನೀರು ಕುಡಿದಷ್ಟು ಸಲೀಸು. ಅವಳನ್ನು ಸೋಲಿಸಿದ್ದು ಸಮತಟ್ಟಾದ ಟಾರು ರಸ್ತೆ. ಹುಟ್ಟಿದಾಗಿನಿಂದ ತಲೆಯ ಮೇಲೆ ಸೌದೆಯೋ ಬುಟ್ಟಿಯೋ ಇಲ್ಲದೆ ನಡೆದವಳಲ್ಲ. ಹೊರೆ ಇಲ್ಲದ ಕತ್ತು ಅತ್ತಿತ್ತ ಆಡುತ್ತಿತ್ತು, ಕೈಗಳಿಗೆ ಎಲ್ಲಿರಬೇಕೆಂದೇ ತಿಳಿಯುತ್ತಿರಲಿಲ್ಲ. ಗೇಟಿನ ಬಳಿ ಕಾದಿದ್ದ ಜಡಯ್ಯ ಎಲ್ಲ ಕೇಳಿ ನಕ್ಕ. ವರ್ಷಕ್ಕೆ ಅದು ಅವನ ಮೊದಲ ನಗು.

“ಕರ್ಡಿ ಅಟ್ಟಿಸ್ಕಂಡ್ ಬಂದಂಗೆ ಓಡ್ದೆ. ಎಲ್ಲದೆ ಕರ್ಡಿ?”

“ಮತ್ತೆಂಗೆ ಓಡದು?”

“ಮೊಟ್ಟೆ ಇಡ್ಕಂಡವ್ಳಂಗೆ ಮುಷ್ಟಿ ಇಡಿ, ಸಡ್ಲವಾಗಿ. ಮಾತಾಡ್ತಾ ಓಡು. ಮಾತು ಕಡೀತು ಅಂದ್ರೆ ಜೋರಾಯ್ತು ಅಂತ.”

ಮರುದಿನದಿಂದ ಕೇತಿ ವೃಷಭೇಂದ್ರಪ್ಪನ ವಂಶವನ್ನು ಬೈಯುತ್ತಾ ಓಡಿದಳು. ಯಳಂದೂರು ಬರುವಷ್ಟರಲ್ಲಿ ಏಳು ತಲೆಮಾರು ಮುಗಿಯುತ್ತಿತ್ತು, ಉಸಿರು ಮಿಕ್ಕಿರುತ್ತಿತ್ತು. ವಾರಕ್ಕೆ ನಾಲ್ಕು ಬೆಳಗ್ಗೆ ಓಟ, ಉಳಿದ ದಿನ ಕೂಲಿ. ರಾತ್ರಿ ರಾಗಿಮುದ್ದೆ, ಓಡುವ ಮುಂಚೆ ನೀರಿಗೆ ಕದಡಿದ ಒಂದು ಬೊಗಸೆ ಜೇನು. ಟಾರಿಗೆ ಅಂಗಾಲು ಸೀಳಿದಾಗ ಜಡಯ್ಯ ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಮೆತ್ತಿದ. ಆಗಸ್ಟ್ ಕಳೆಯುವ ಹೊತ್ತಿಗೆ ಹೋಗಿ ಬರುವ ದಾರಿ ಹತ್ತು ಕಿಲೋಮೀಟರು ಆಗಿತ್ತು, ಸೆಪ್ಟೆಂಬರಿನಲ್ಲಿ ಹದಿನಾಲ್ಕು.

ಆದರೆ ಒಂದು ರೋಗ ಬಿಡಲಿಲ್ಲ. ರಸ್ತೆ ಬಾಗಿದ ಕಡೆಯೆಲ್ಲ ಅವಳ ಕಾಲು ತಾನಾಗಿ ಗದ್ದೆಯ ಬದುವಿಗೆ ಇಳಿಯುತ್ತಿತ್ತು. ಮನಸ್ಸು ಬೇಡವೆಂದರೂ ಕಾಲು ಒಳದಾರಿ ಹುಡುಕುತ್ತಿತ್ತು. ಹತ್ತು ಹೆಜ್ಜೆ ಹೋದ ಮೇಲೆ ಬೆಚ್ಚಿ ಹಿಂದಕ್ಕೆ ಬರುತ್ತಿದ್ದಳು. ಅಣ್ಣ ಮಾಡಿದ ತಪ್ಪು ಅವನದಲ್ಲ, ತಾತ ಮುತ್ತಾತರ ಕಾಲಿನದು ಎಂದು ಅವಳಿಗೆ ಆಗ ತಿಳಿಯಿತು.

“ಇದ್ಕೇನಣ್ಣ ಔಸ್ದಿ?” ಎಂದು ಅಣ್ಣನನ್ನು ಕೇಳಿದಳು.

ಜಡಯ್ಯ ಎರಡು ದಿನ ಯೋಚಿಸಿದ. ಕಾಡುದಾರಿಯಲ್ಲಿ ಅಲ್ಲಲ್ಲಿ ದೇವರ ಕಲ್ಲುಗಳಿರುತ್ತವೆ. ಹಾದುಹೋಗುವವರು ಒಂದೊಂದು ಹಸಿರು ಸೊಪ್ಪು ಮುರಿದು ಹಾಕಿಯೇ ಮುಂದೆ ಹೋಗಬೇಕು. ಹಾಕದೆ ಹೋದವರನ್ನು ದಾರಿ ತಪ್ಪಿಸುತ್ತದೆ ಎಂಬುದು ಸೋಲಿಗರ ನಂಬಿಕೆ. ಮೂರನೇ ದಿನ ಅವನು ಅವಳ ಸೊಂಟಕ್ಕೆ ಒಂದು ಕಟ್ಟು ಲಕ್ಕಿಸೊಪ್ಪು ಸಿಕ್ಕಿಸಿದ.

“ಮೈಲಿಕಲ್ಲು ಐತಲ್ಲ, ಕಿಲೋಮೀಟ್ರಿಗೊಂದು, ಅದೇ ದೇವ್ರು ಅನ್ಕೊ. ಕಲ್ಲಿಗೊಂದು ಸೊಪ್ಪು. ದೇವ್ರ ತಪ್ಪಿಸ್ಕಂಡು ಓಯ್ತೀಯಾ?”

“ಸರ್ಕಾರ್ದ ಕಲ್ಲು ಕಣಣ್ಣ ಅದು.”

“ಇರ್ಲಿ. ಸರ್ಕಾರಕ್ಕೂ ಒಂಚೂರು ದೇವ್ರು ಮೆಟ್ಕಳ್ಳಿ.”

ಔಷಧಿ ಹಿಡಿಯಿತು. ಕಲ್ಲು ಕಂಡರೆ ಕಾಲು ರಸ್ತೆ ಬಿಡುತ್ತಿರಲಿಲ್ಲ. ಆದರೆ ಕೇತಿ ಅಷ್ಟಕ್ಕೇ ಬಿಡಲಿಲ್ಲ. “ನಾ ಆಕಿದ್ದೆ ಅಂದ್ರೆ ಆಯ್ತಾ? ಸೊಪ್ಪು ಬಿದ್ದದೋ ಇಲ್ವೋ ನೋಡೋರ್ಯಾರು?” ಎಂದಳು. ಜಡಯ್ಯ ಗೇಟು ದಾಟಿ ಮೊದಲ ಕಲ್ಲಿನವರೆಗೆ ಬಂದು ನೋಡಿದ. ಮರುವಾರ ಮೂರನೆಯದಕ್ಕೆ. ಯಳಂದೂರಿನ ಹೋಟೆಲ್ ಮುಂದೆ ಯಾರೋ ‘ಏರಿ ಕಳ್ಳ ಬಂದ ಕಣ್ರೋ’ ಎಂದಾಗ ಅವನು ತಲೆ ತಗ್ಗಿಸಿದ, ಹಿಂದಿರುಗಲಿಲ್ಲ. ಐದನೇ ಕಲ್ಲಿನ ಸೊಪ್ಪು ಮುಟ್ಟಿ ನೋಡಿಯೇ ಬಂದ. ಅವಳ ಓಟ ಬೆಳೆದಂತೆ ಅಕ್ಟೋಬರ್ ಕೊನೆಗೆ ಅವನೂ ಕೆರೆಯ ತನಕ ಇಳಿದಿದ್ದ. ಹದಿನಾಲ್ಕನೇ ಕಲ್ಲು ಅದು. ಏರಿಯ ಮೇಲೆ ಕಾಲಿಡದೆ ನಿಂತು ನೋಡಿ ತಿರುಗಿಬಂದ.

ಓಟದ ದಿನ ಬೆಳಗಾಗುವವರೆಗೂ ಎರಡು ದಿನ ಬಿಡದೆ ಮಳೆ ಹೊಯ್ದಿತ್ತು. ಏಳು ಗಂಟೆಗೆ ವೃಷಭೇಂದ್ರಪ್ಪ ಬಾವುಟ ಬೀಸಿ, ಜೀಪು ಹತ್ತಿ ಕೊಳ್ಳೇಗಾಲದ ಕಡೆ ಹೊರಟ. ಮೂವತ್ತು ಗಂಡಸರು ಕರಡಿ ಅಟ್ಟಿಸಿಕೊಂಡು ಬಂದವರಂತೆ ಓಡಿದರು. ಕೇತಿ ಸೀರೆಯನ್ನು ಕಚ್ಚೆ ಕಟ್ಟಿ, ಕೊರಳಿಗೆ ಚೀಟಿ ತೂಗುಹಾಕಿ, ಸೊಂಟದಲ್ಲಿ ಇಪ್ಪತ್ತೊಂದು ಸೊಪ್ಪು ಸಿಕ್ಕಿಸಿ, ಎಲ್ಲರ ಹಿಂದೆ ಬಾಯೊಳಗೇ ಮಾತಾಡಿಕೊಂಡು ಹೊರಟಳು.

ಯಳಂದೂರಿನಲ್ಲಿ ಮೊದಲ ತೂತು. ಠಾಣೆಗಳಿಗೆಂದು ಸಂಘದವರು ಬಸ್ ಕಂಡಕ್ಟರುಗಳ ಪಂಚು ಎರವಲು ತಂದಿದ್ದರು, ಚೀಟಿ ನೆನೆದರೂ ತೂತು ಅಳಿಯುವುದಿಲ್ಲ. ಮಾಂಬಳ್ಳಿಯ ಹೊತ್ತಿಗೆ ಹುಣಸೆ ಮರದಡಿ ನಾಲ್ವರು ಕುಳಿತಿದ್ದರು. ಎಲ್ಲರೂ ಮೀಸೆ ಇದ್ದವರೇ.

“ಕುಂತ್ಕಳೇ, ಯಾಕ್ ಸಾಯ್ತೀಯ” ಎಂದ ಒಬ್ಬ.

“ನೀವ್ ಕುಂತಿರಿ ಅಣ್ಣ, ಜೀಪು ಬತ್ತದೆ” ಎಂದು ಕೇತಿ ಎರಡನೇ ತೂತು ಹಾಕಿಸಿಕೊಂಡಳು.

ಅಗರದಲ್ಲಿ ಮೂರನೆಯದು. ಅಲ್ಲಿಗೆ ಅವಳ ಮುಂದೆ ಇದ್ದವರು ಐದೇ ಜನ. ಹಿಂದಿನವರ ಉಸಿರು ಕೇಳುತ್ತಿತ್ತು, ಅವಳ ಮಾತು ಇನ್ನೂ ಕಡಿದಿರಲಿಲ್ಲ. ಮೂರನೆಯವಳಾಗಿ ಬಂದರೂ ಬರಬಹುದು ಎಂದು ಅವಳಿಗೇ ಅನಿಸಿತು.

ಕೆರೆಯ ಬಳಿ ಅದೆಲ್ಲ ಕೆಟ್ಟಿತು. ಮಳೆಗೆ ಕೆರೆಯ ತೂಬಿನ ಬಾಗಿಲು ಕಿತ್ತುಹೋಗಿ, ಕೆಳಗಿನ ಗದ್ದೆಬಯಲಿನ ಮೇಲೂ ರಸ್ತೆಯ ಮೇಲೂ ಕೆಂಪು ನೀರು ಹರಿಯುತ್ತಿತ್ತು. ಮೇಲೆ ಏರಿಗೆ ನೀರು ತಾಗಿರಲಿಲ್ಲ. ಅದರ ಬಾಯಲ್ಲಿ ಸಂಘದ ಯುವಕನೊಬ್ಬ ಬಾವುಟ ಹಿಡಿದು ಎಲ್ಲರನ್ನೂ ಏರಿಗೆ ತಿರುಗಿಸುತ್ತಿದ್ದ.

“ಏರಿ ಮೇಲೆ ಓಗಮ್ಮ. ಅಧ್ಯಕ್ಷರೇ ಯೋಳೋಗವ್ರೆ.”

“ರಸ್ತೆ ಬುಟ್ರೆ ವರ್ಗೆ ಅಂತ ಬರ್ದದಲ್ಲ.”

“ಇವತ್ತು ನೀರ್ ಬಂದದೆ ಕಣಮ್ಮ. ಎಲ್ಲಾರೂ ಅಂಗೇ ಓಯ್ತಾವ್ರೆ.”

ಹಿಂದಿನವರು ಅವಳನ್ನು ಹಾದು ಒಬ್ಬೊಬ್ಬರಾಗಿ ಏರಿ ಹತ್ತಿದರು. ಏರಿಯ ನಡುವೆ ಒಬ್ಬ ನಿಂತಿದ್ದ. ಜಡಯ್ಯ. ಹೋದ ವರ್ಷ ಅವನನ್ನು ಕಳ್ಳನೆಂದವರು ಅವನ ಭುಜ ಸವರಿಕೊಂಡೇ ಓಡಿದರು. ಒಬ್ಬನೂ ಅವನ ಮುಖ ನೋಡಲಿಲ್ಲ.

“ಕೇತಿ, ನೀರು ಸೆಳೀತದೆ, ಮೇಲಕ್ಕೆ ಬಾ” ಎಂದು ಅಣ್ಣ ಕೂಗಿದ.

“ಹದಿನಾಕ್ನೇ ಕಲ್ಲು ಎಲ್ಲದೆ ಅಲ್ಲಿಂದ ಯೋಳು. ಬಾ ಅನ್ಬ್ಯಾಡ.”

ಅವನು ಏರಿಯ ಅಂಚಿಗೆ ಬಂದ. ಆಮೇಲೆ ಕೈ ಚಾಚಿ ತೋರಿಸತೊಡಗಿದ. ಏರಿಯ ಮೇಲೆ ಅವನು, ನೀರಿನಲ್ಲಿ ಅವಳು. ‘ಎಡಕ್ಕೆ. ಇನ್ನೂ ಎಡಕ್ಕೆ. ಅಲ್ಲಿ ಮೋರಿ ಅದೆ, ನೋಡ್ಕ.’ ನೀರು ಮೊಣಕಾಲಿಗೆ ಬಂತು. ಓಟ ನಿಂತು ಈಸಿದಂತಹ ನಡಿಗೆ ಆಯಿತು. ಕಲ್ಲು ಮುಳುಗಿತ್ತು. ಅವಳು ಕಾಲಿನಿಂದಲೇ ತಡವಿ ಹುಡುಕಿ ಅದರ ಗುಂಡು ತಲೆ ಮೆಟ್ಟಿದಳು, ಕೂಡಲೇ ಕಾಲು ತೆಗೆದು ಸೊಪ್ಪು ಹಾಕಿದಳು. ಸೊಪ್ಪು ತೇಲಿಹೋಯಿತು.

ತಿರುವಿನಲ್ಲಿ ನಾಲ್ಕನೇ ಠಾಣೆ. ಸೇತುವೆಯ ಗೋಡೆಯ ಮೇಲೆ ಕೊಡೆ ಬಿಚ್ಚಿಕೊಂಡು ಕುಳಿತಿದ್ದವನು ಕೆಲಸ ಬಿಟ್ಟ ಹಳೆಯ ಬಸ್ ಕಂಡಕ್ಟರು ಶಿವಯ್ಯ. ಅವನನ್ನು ಅಲ್ಲಿ ಕೂರಿಸಿದ್ದು ಸಂಘದವರಿಗೆ ಮರೆತೇಹೋಗಿತ್ತು.

“ಒಬ್ಳಾದ್ರೂ ಬಂದ್ಯಲ್ಲ ತಾಯಿ” ಎಂದ ಶಿವಯ್ಯ. “ಅಧ್ಯಕ್ಷರ ಜೀಪು ನನ್ಮೇಲೆ ನೀರೆರ್ಚ್ಕಂಡು ಓಯ್ತು, ಆಮೇಲೆ ಒಂದು ನಾಯೀನೂ ಬರ್ನಿಲ್ಲ. ಮಿಕ್ಕೋರೆಲ್ಲಿ?”

“ಏರಿ ಮೇಲವ್ರೆ.”

“ಅಂಗಾದ್ರೆ ನನ್ ಪಂಚು ಯಾರ್ಗೆ ಕಚ್ತದೆ?”

“ನನ್ಗೆ ಕಚ್ಲಿ ಸಾ.”

ಉಳಿದ ಠಾಣೆಗಳ ಪಂಚು ದುಂಡು ತೂತು ಹಾಕುತ್ತಿದ್ದವು. ಶಿವಯ್ಯನದು ಅವನ ಸ್ವಂತದ್ದು, ಹಳೆಯ ಕಾಲದ್ದು, ಮೂರು ಮೂಲೆಯ ತೂತು ಹಾಕುತ್ತಿತ್ತು. ಕೇತಿ ಚೀಟಿಯ ಆ ಮೂರು ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಮತ್ತೆ ಓಡಿದಳು.

ನೀರು ದಾಟಿದ ಮೇಲೆ ತೊಡೆ ಕಲ್ಲಾಗಿತ್ತು. ಹದಿನೇಳನೇ ಕಲ್ಲಿನ ಹತ್ತಿರ ಮೊದಲ ಸಲ ಮಾತು ಕಡಿಯಿತು. ಅವಳು ಓಟ ತಗ್ಗಿಸಿ, ವೃಷಭೇಂದ್ರಪ್ಪನ ಅಜ್ಜನಿಂದ ಮತ್ತೆ ಶುರು ಮಾಡಿದಳು. ಮುಡಿಗುಂಡದಲ್ಲಿ ಐದನೇ ತೂತು. ಕೊಳ್ಳೇಗಾಲದ ಬಾವುಟದ ಕಂಬ ಮುಟ್ಟಿದಾಗ ಒಂಬತ್ತೂ ಕಾಲು ಗಂಟೆ. ಅವಳು ಇಪ್ಪತ್ತೆರಡನೆಯವಳು.

ಗೆದ್ದವನು ವೃಷಭೇಂದ್ರಪ್ಪನ ತಮ್ಮನ ಮಗ ಸದಾಶಿವಪ್ಪ. ಅವನ ಕೊರಳಲ್ಲಿ ಹಾರ, ಹೆಗಲ ಮೇಲೆ ಕೊಳ್ಳೇಗಾಲದ ರೇಷ್ಮೆ ಶಲ್ಯ. ಬಸ್ ಸ್ಟ್ಯಾಂಡಿನ ಎದುರಿನ ಬಯಲಿನಲ್ಲಿ ಜನ ಸೇರಿದ್ದರು. ಕೆಸರು ಮೆತ್ತಿದ ಕೇತಿಯನ್ನು ನೋಡಿ ಅಧ್ಯಕ್ಷ ಮೈಕಿನಲ್ಲಿ ಉದಾರನಾದ.

“ಹೆಣ್ಣುಮಗಳು ಓಡಿ ಮುಗಿಸಿದಾಳೆ. ಸಮಾಧಾನಕ್ಕೆ ಒಂದು ಟವಲು ಕೊಡೋಣ.”

“ಟವಲು ಬ್ಯಾಡ ಸಾ” ಎಂದಳು ಕೇತಿ. “ಚೀಟಿ ನೋಡಿ.”

ಶಿವರತ್ನಮ್ಮ ಗುಂಪಿನಿಂದ ಮುಂದೆ ಬಂದು ಕರಪತ್ರ ಬಿಚ್ಚಿ ನಾಲ್ಕನೇ ನಿಯಮವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಕೇತಿಯ ಚೀಟಿಯಲ್ಲಿ ಐದು ತೂತು. ಸದಾಶಿವಪ್ಪನದರಲ್ಲಿ ನಾಲ್ಕು. ಎರಡನೆಯವನದರಲ್ಲಿ ನಾಲ್ಕು. ಇಪ್ಪತ್ತೊಂದು ಜನರಲ್ಲಿ ಒಬ್ಬನ ಚೀಟಿಯಲ್ಲೂ ಮೂರು ಮೂಲೆಯ ತೂತು ಇರಲಿಲ್ಲ. ಅಷ್ಟರಲ್ಲಿ ಶಿವಯ್ಯ ಒದ್ದೆ ಪಂಚೆ ಎತ್ತಿಕಟ್ಟಿ ಸೈಕಲ್ಲಿನಲ್ಲಿ ಬಂದಿಳಿದ. ಯಾರೂ ಕೇಳದಿದ್ದರೂ ಹೇಳಿದ: “ನನ್ ಪಂಚು ಇವತ್ತು ಕಚ್ಚಿದ್ದು ಒಂದೇ ಸಲ ಕಣ್ರಿ.”

“ನೀರು ಬಂದಿತ್ತು” ಎಂದ ವೃಷಭೇಂದ್ರಪ್ಪ. “ಏರಿ ಮೇಲೆ ಹೋಗಿ ಅಂತ ನಾನೇ ಹೇಳಿದ್ದು. ಇದರಲ್ಲಿ ಕಳ್ಳತನ ಎಲ್ಲಿ ಬಂತು?”

“ನಮ್ಮಣ್ಣಂಗೂ ನೀವೇ ಯೋಳಿದ್ದು ಸಾ. ಮೊದ್ಲು ಯಾರು ಕಂಬ ಮುಟ್ತಾರೋ ಅವ್ರೇ ಗೆದ್ದಂಗೆ ಅಂತ. ಅವತ್ತು ಈ ನಿಯ್ಮಾನೂ ಇರ್ನಿಲ್ಲ.”

“ಏರಿ ಮೇಲೇ ಬಂದ್ವಿ ದೊಡ್ಡಪ್ಪ” ಎಂದ ಸದಾಶಿವಪ್ಪ, ಹಾರದ ಹೂವು ಕೀಳುತ್ತಾ. “ಎಲ್ಲಾರ್ವೆ.”

“ನೀನು ಸುಮ್ಕಿರ್ಲಾ.” ಅಧ್ಯಕ್ಷ ಕೇತಿಯ ಕಡೆ ಬಾಗಿ ದನಿ ತಗ್ಗಿಸಿದ. “ಈಗೇನು, ಇವರನ್ನೆಲ್ಲ ಕಳ್ಳರು ಅನ್ನಬೇಕಾ?”

“ಅದ್ ನಿಮ್ಗೆ ಬುಟ್ಟದ್ದು. ಅವ್ರು ಕಳ್ರಾದ್ರೆ ನಾನೊಬ್ಳೇ ಗೆದ್ದಂಗೆ, ಆರ ಬುಚ್ಚಿ ಇಲ್ಲಿಗಾಕಿ. ಅವ್ರು ಕಳ್ರಲ್ದಿದ್ರೆ ನಮ್ಮಣ್ಣನೂ ಅಲ್ಲ. ಅದ ಮೈಕ್ನಲ್ಲಿ ಅನ್ನಿ. ಎಲ್ಡ್ರಲ್ಲಿ ಒಂದು. ನಾ ಕಾಯ್ತೀನಿ, ನನ್ಗೇನ್ ಸುಸ್ತಾಗಿಲ್ಲ.”

ವೃಷಭೇಂದ್ರಪ್ಪ ತಮ್ಮನ ಮಗನ ಕೊರಳು ನೋಡಿದ. ಆ ಹಾರವನ್ನು ಜನರೆದುರು ಬಿಚ್ಚಿ ಒಬ್ಬ ಸೋಲಿಗಿತ್ತಿಗೆ ಹಾಕುವುದು ಒಂದು ಕಡೆ, ನಾಲ್ಕು ಮಾತು ಇನ್ನೊಂದು ಕಡೆ. ಗಿರಣಿಯ ಯಜಮಾನ, ತೂಗುವುದು ಗೊತ್ತಿತ್ತು. ಮೈಕಿಗೆ ಬಾಯಿ ಇಟ್ಟು ಗೊಣಗಿದ: “ಹೋದ ವರ್ಷ ಓಡಿದ ಜಡಯ್ಯ ಕಳ್ಳನಲ್ಲ.”

“ಸಂತೆಗೆ ಕೇಳ್ಬೇಕು ಸಾ.”

“ಜಡಯ್ಯ ಕಳ್ಳನಲ್ಲ.” ಈ ಸಲ ಮೈಕಿನ ಹಾರ್ನ್ ಕಿರುಚಿತು, ಬಸ್ ಸ್ಟ್ಯಾಂಡಿನ ಆಚೆಯ ಅಂಗಡಿಗಳವರೂ ತಿರುಗಿ ನೋಡಿದರು. ಶಿವರತ್ನಮ್ಮ ಬಿಡಲಿಲ್ಲ, ಐದು ವರ್ಷದ ತೀರ್ಮಾನವನ್ನೂ ಪುಸ್ತಕ ತರಿಸಿ ಅಲ್ಲೇ ಹೊಡೆದುಹಾಕಿಸಿದಳು. ಅಧ್ಯಕ್ಷನ ಮಾತು ಮನಸ್ಸಿನಿಂದ ಬಂದದ್ದಲ್ಲ. ಅವನ ಮನಸ್ಸು ಯಾರಿಗೆ ಬೇಕಿತ್ತು? ಕಳ್ಳ ಎಂದಿದ್ದೂ ಮೈಕಿನಿಂದಲೇ.

ಜಡಯ್ಯ ಗುಂಪಿನ ಹಿಂದೆ, ಕಬ್ಬಿನ ಗಾಡಿಯ ಮರೆಯಲ್ಲಿ ನಿಂತು ಎರಡನೇ ಸಲದ್ದನ್ನು ಕೇಳಿದ್ದ. ಒಂದು ವರ್ಷದ ಮೇಲೆ ಅವನು ಕೊಳ್ಳೇಗಾಲದ ಮಣ್ಣು ಮೆಟ್ಟಿದ್ದು ಅಂದೇ. ಅಣ್ಣ ತಂಗಿ ಹೋಟೆಲಿನಲ್ಲಿ ಟೀ ಕುಡಿದು ಬೆಟ್ಟದ ಕಡೆ ನಡೆದರು. ಬಸ್ಸು ನೀರಿಗೆ ನಿಂತಿತ್ತು.

“ಹದಿನಾಕ್ನೇ ಕಲ್ಲಿಗೆ ಸೊಪ್ಪು ಬಿತ್ತಾ?” ಎಂದ ಜಡಯ್ಯ.

“ಬಿತ್ತು. ನಿಲ್ನಿಲ್ಲ.”

“ಬಿದ್ರೆ ಆಯ್ತು. ಬರೋ ವರ್ಸ ನಾನೂ ಓಡ್ತೀನಿ, ರಸ್ತೆ ಮೇಲೇ.”

“ಓಡು. ನನ್ನಿಂದೆ ಬಾ.”

ಕೆರೆ ಬಂತು. ಕೆಳಗೆ ರಸ್ತೆ ಇನ್ನೂ ನೀರಿನಲ್ಲಿ ಬಳಸಿಕೊಂಡು ಹೋಗಿತ್ತು, ಏರಿ ನೆಟ್ಟಗೆ ಬಿದ್ದಿತ್ತು. ಜಡಯ್ಯ ಅಭ್ಯಾಸದಂತೆ ಅನುಮಾನಿಸಿ ನಿಂತ. ಕೇತಿ ಕಚ್ಚೆ ಸಡಿಲಿಸಿಕೊಂಡು ಏರಿ ಹತ್ತಿ, ಮೇಲಿನಿಂದ ಕೈಬೀಸಿ ಕರೆದಳು.

“ಇಂಗೆ ಬಾ ಅಣ್ಣ. ಅತ್ರ ಆಯ್ತದೆ.”